ಇಳಿದ ನೀರು ಎಲ್ಲಿಗೆ ಹೋಯಿತು?

ಕಾದಂಬರಿಯ ಕೊನೆಯ ಅಧ್ಯಾಯದಲ್ಲಿ ಹದಿನಾರು ವರ್ಷದ ಹುಡುಗಿ ಅಣೆಕಟ್ಟಿನ ಮೇಲೆ ನಿಂತು ಕೈ ಎತ್ತುತ್ತಾಳೆ. ಅವಳ ಊರನ್ನು ನುಂಗಿದ್ದ ನೀರು ಹಿಂದೆ ಸರಿಯುತ್ತದೆ. ಮೊದಲು ದೇವಸ್ಥಾನದ ಮಾಡು ಕಾಣುತ್ತದೆ, ಆಮೇಲೆ ಮನೆಗಳು. ಗೋಡೆಗಳೆಲ್ಲ ಒಣಗಿಕೊಂಡಿವೆ. ಅಂಗಳದಲ್ಲಿ ಹೂವಿನ ಗಿಡ ಹಾಗೇ ನಿಂತಿದೆ. ಗರ್ಭಗುಡಿಯಲ್ಲಿ ದೀಪ ಉರಿಯುತ್ತಿದೆ. ಊರವರು ಅಳುತ್ತಾ ನಗುತ್ತಾ ತಮ್ಮ ತಮ್ಮ ಮನೆ ಸೇರಿಕೊಳ್ಳುತ್ತಾರೆ. ಮೂರು ಭಾಗಗಳ ಕಥೆಯ ಮೊದಲನೇ ಭಾಗ ಅಲ್ಲಿಗೆ ಮುಗಿಯುತ್ತದೆ.

ಹದಿಹರೆಯದವರಿಗಾಗಿ ಬರೆದ ಇಂಗ್ಲಿಷ್ ಫ್ಯಾಂಟಸಿ ಇದು. ಹೆಸರು ಹೇಳುವುದಿಲ್ಲ. ಬರೆದವರಿಗೆ ಇದು ಮೊದಲ ಕಾದಂಬರಿ. ಇದಕ್ಕಿಂತ ತುಂಬಾ ಒಳ್ಳೆಯದನ್ನು ಬರೆಯುವ ಶಕ್ತಿ ಅವರಿಗಿದೆ ಅಂತ ನನಗೆ ಖಾತ್ರಿಯಿದೆ. ಆ ಖಾತ್ರಿ ಇರುವುದರಿಂದಲೇ ಇಷ್ಟು ಉದ್ದ ಬರೆಯಲು ಕೂತಿದ್ದೇನೆ. ಶುರುವಿನಿಂದಲೇ ಕೆಟ್ಟದಾಗಿದ್ದರೆ ಅರ್ಧಕ್ಕೆ ಮುಚ್ಚಿಟ್ಟು ಮರೆತುಬಿಡುತ್ತಿದ್ದೆ. ಇದು ಹಾಗಲ್ಲ. ಮೊದಲ ಮೂರನೇ ಒಂದು ಪಾಲು ಓದುವಾಗ ಊಟಕ್ಕೆ ಕರೆದರೂ ಏಳಲು ಮನಸ್ಸಾಗಲಿಲ್ಲ. ಕೊಟ್ಟು ಕಿತ್ತುಕೊಂಡ ಹಾಗಾಯಿತಲ್ಲ, ನನ್ನ ಬೇಜಾರು ಅದು.

ಕಥೆ ಶುರುವಾಗುವುದು ಒಂದು ಹೊಳೆಯ ದಡದಲ್ಲಿ. ಹುಡುಗಿಯ ಅಪ್ಪ ಅಂಬಿಗ. ಅಲ್ಲಿಯ ರಾಜ ಕೆಳಗಿನ ಕಣಿವೆಗೆ ಅಡ್ಡ ಕಟ್ಟೆ ಕಟ್ಟಿಸಿದ್ದಾನೆ. ನೀರು ನಿಧಾನವಾಗಿ ಏರುತ್ತಿದೆ. ಅಪ್ಪ ಪ್ರತಿ ಸಂಜೆ ದೋಣಿ ಕಟ್ಟುವ ಕಂಬದ ಮೇಲೆ, ನೀರು ಮುಟ್ಟಿದ ಜಾಗದಲ್ಲಿ, ಕತ್ತಿಯಿಂದ ಒಂದು ಗೀರು ಹಾಕುತ್ತಾನೆ. ಮಾರನೇ ದಿನ ಆ ಗೀರು ನೀರಿನೊಳಗೆ. ಹುಡುಗಿ ಕೈ ಮುಳುಗಿಸಿ, ಬೆರಳಿನಿಂದ ತಡವಿ ತಡವಿ ಗೀರುಗಳನ್ನು ಎಣಿಸುತ್ತಾಳೆ. ಮೊದಮೊದಲು ಮಣಿಕಟ್ಟಿನವರೆಗೆ ನೀರು. ಆಮೇಲೆ ಮೊಣಕೈ. ಆಮೇಲೆ ಭುಜ. ಒಂದು ದಿನ ಅಪ್ಪ ಹಾಕಿದ ಮೊದಲ ಗೀರು ಕೈಗೆ ಸಿಗುವುದೇ ಇಲ್ಲ. ಅವಳು ಉಸಿರು ಕಟ್ಟಿ ಮುಳುಗಿ ಅದನ್ನು ಮುಟ್ಟಿ ಬರುತ್ತಾಳೆ. ಹೊಳೆ ಅವಳ ಜೊತೆ ಮೊದಲ ಸಲ ಮಾತಾಡುವುದು ಆಗಲೇ. ಹೇಳುವುದು ಒಂದೇ ಮಾತು. ನನಗೂ ಇಲ್ಲಿ ನಿಂತಿರಲು ಇಷ್ಟವಿಲ್ಲ ಅಂತ.

ಓದಿ ಮೈ ಜುಮ್ಮೆಂದಿತು. ಅಣೆಕಟ್ಟಿನ ಕಥೆಯಲ್ಲಿ ನೀರನ್ನೇ ವೈರಿ ಮಾಡಿಬಿಡುವುದು ಸುಲಭ. ಇಲ್ಲಿ ನೀರೂ ಸಿಕ್ಕಿಬಿದ್ದಿದೆ, ಊರೂ ಸಿಕ್ಕಿಬಿದ್ದಿದೆ. ಇನ್ನೂ ಒಂದು ಸಂಗತಿಯಿತ್ತು. ಹೊಳೆ ಮಾತಾಡಿದ ದಿನವೆಲ್ಲ ಹುಡುಗಿಗೆ ಮನುಷ್ಯರ ಮಾತು ಕೇಳಿಸುವುದಿಲ್ಲ. ಅಪ್ಪ ಬಾಯಿ ಆಡಿಸುವುದು ಕಾಣುತ್ತದೆ, ದನಿ ಇಲ್ಲ. ನೀರಿನ ಮಾತು ಬೇಕಾದರೆ ಮನುಷ್ಯರ ಮಾತು ಬಿಡಬೇಕು. ಎಷ್ಟು ಸರಳವಾದ ನಿಯಮ, ಎಷ್ಟು ಭಯ ಹುಟ್ಟಿಸುವ ನಿಯಮ! ಮುಂದೆ ಇವಳು ಅಪ್ಪನ ಕೊನೆಯ ಮಾತನ್ನೇ ಕೇಳಿಸಿಕೊಳ್ಳದೆ ಹೋಗಬಹುದು ಅಂತ ನಾನು ಆಗಲೇ ಹೆದರಿಕೊಂಡಿದ್ದೆ.

ಈ ಪುಸ್ತಕ ನನ್ನನ್ನು ಹೀಗೆ ಹಿಡಿದಿದ್ದಕ್ಕೆ ಬೇರೆ ಕಾರಣವೂ ಇದೆ. ನನ್ನ ಅಜ್ಜಿಯ ಊರು ಶರಾವತಿಯ ಹಿನ್ನೀರಿನೊಳಗಿದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆ ಹೊತ್ತಿಗೆ ಊರುಗಳನ್ನು ಖಾಲಿ ಮಾಡಿಸಿ ಆಗಿತ್ತು. ಜನರನ್ನು, ದನಕರುಗಳನ್ನು, ಸಾಮಾನುಗಳನ್ನು ಲಾರಿಯಲ್ಲಿ ತಂದು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಡೆ ಕಾಡಿನ ನಡುವೆ ಇಳಿಸಿದರು. ಆ ಜಾಗಕ್ಕೆ ಹಕ್ಕುಪತ್ರ ಕೊಡಿ ಅಂತ ಎಷ್ಟೋ ಮನೆಗಳ ಮೊಮ್ಮಕ್ಕಳು ಇವತ್ತಿಗೂ ಅರ್ಜಿ ಹಿಡಿದು ಓಡಾಡುತ್ತಿದ್ದಾರೆ. ನಮ್ಮ ಕಡೆ ಇದಕ್ಕೆಲ್ಲ ಸೇರಿ ಒಂದೇ ಮಾತು, ಮುಳುಗಡೆ. ಮುಳುಗಡೆಗೆ ಮೊದಲು, ಮುಳುಗಡೆಯಾದ ಮೇಲೆ ಅಂತಲೇ ಹಿರಿಯರು ವರ್ಷಗಳನ್ನು ಲೆಕ್ಕ ಹಾಕುತ್ತಿದ್ದರು.

ಅಜ್ಜಿ ಈ ಕಥೆಯನ್ನು ಒಮ್ಮೆಗೇ ಹೇಳಿದವಳಲ್ಲ. ಅಡಿಕೆ ಸುಲಿಯುವಾಗ ಒಂದು ಚೂರು, ಸೊಪ್ಪು ಸೋಸುವಾಗ ಇನ್ನೊಂದು ಚೂರು. ಮನೆಯ ಹಂಚು, ತೊಲೆ, ಬಾಗಿಲು ಎಲ್ಲ ಕಿತ್ತು ಲಾರಿಗೆ ಹೇರಿದರಂತೆ. ಬೀಸುವ ಕಲ್ಲು ಬಂತು. ಒರಳು ಬರಲಿಲ್ಲ, ಅದನ್ನು ನೆಲಕ್ಕೆ ಹೂತು ಕೂರಿಸಿದ್ದರು. ಜಗಳವಾದದ್ದು ಮಾತ್ರ ಚೌಡಿಯ ವಿಷಯದಲ್ಲಿ. ತೋಟದ ಅಂಚಿನ ಮರದ ಬುಡದಲ್ಲಿ ಒಂದು ಕಲ್ಲು, ಅದೇ ಚೌಡಿ. ಕಲ್ಲನ್ನು ಕಿತ್ತು ಜೊತೆಗೆ ಒಯ್ಯೋಣ ಅಂದರು ಕೆಲವರು. ಕಲ್ಲೇನೋ ಬರುತ್ತದೆ, ಅವಳು ಬರುತ್ತಾಳಾ ಅಂತ ಕೇಳಿದರು ಇನ್ನು ಕೆಲವರು. ಅವಳು ಕಾಯುವುದು ಆ ನೆಲವನ್ನು. ಆ ನೆಲವೇ ನೀರಿಗೆ ಹೋದ ಮೇಲೆ ಅವಳು ಏನನ್ನು ಕಾಯಬೇಕು? ಹೋದ ಕಡೆ ಮೊದಲೇ ಇನ್ನೊಬ್ಬ ಚೌಡಿ ಇದ್ದರೆ? ಕೊನೆಗೆ ಪ್ರಸಾದ ಕೇಳಿದರು. ಹೂವು ಬಲಕ್ಕೆ ಬಿತ್ತು. ಕಲ್ಲನ್ನು ಕಂಬಳಿಯಲ್ಲಿ ಸುತ್ತಿ ತಂದರು. ಆದರೂ ಅಜ್ಜಿ ಇರುವವರೆಗೂ ಎರಡು ಕಡೆ ಕೈ ಮುಗಿಯುತ್ತಿದ್ದಳು. ಒಮ್ಮೆ ಹಿತ್ತಲಿನ ಕಲ್ಲಿಗೆ, ಇನ್ನೊಮ್ಮೆ ಹಿನ್ನೀರಿನ ದಿಕ್ಕಿಗೆ. ಹೂವು ಬಲಕ್ಕೇ ಬಿದ್ದಿತ್ತಲ್ಲ ಅಜ್ಜಿ, ಮತ್ತೆ ಅಲ್ಲಿಗೆ ಯಾಕೆ ಅಂತ ಕೇಳಿದರೆ, "ಬಂದ್ಲು ಅಂತ ನಂಬಿದೀನಿ. ಆದ್ರೂ ಒಬ್ಳೇ ಅಲ್ಲೇ ಉಳ್ಕಂಡಿದ್ರೆ ಪಾಪ" ಅನ್ನುತ್ತಿದ್ದಳು.

ಫ್ಯಾಂಟಸಿ ಅಂದರೆ ನನಗೆ ಬೇಕಿರುವುದು ಇಂಥದ್ದು. ದೇವರು, ದೆವ್ವ, ಮಂತ್ರ, ಮಾತಾಡುವ ಹೊಳೆ ಏನು ಬೇಕಾದರೂ ಇರಲಿ. ಆದರೆ ಅವಕ್ಕೊಂದು ಕ್ರಮ ಇರಬೇಕು. ಕೇಳದೆ ಮುಟ್ಟಿದರೆ ತೊಂದರೆ, ಕೇಳಿ ಮುಟ್ಟಿದರೂ ಒಂದು ಸಂಶಯ ಉಳಿಯಬೇಕು. ಮಲೆನಾಡಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾವ ಮರ ಕಡಿಯಬಾರದು, ಯಾವ ಬನದೊಳಗೆ ಚಪ್ಪಲಿ ಹಾಕಿಕೊಂಡು ಹೋಗಬಾರದು, ಹರಕೆ ಹೊತ್ತು ಮರೆತರೆ ಏನಾಗುತ್ತದೆ, ಎಲ್ಲಕ್ಕೂ ಲೆಕ್ಕವಿದೆ. ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಕಥೆಯಾಗಿ ನೋಡಿದರೂ ಅದು ಗಟ್ಟಿ.

ಈಗ ಕಾದಂಬರಿ ಜಾರಿದ ಜಾಗಕ್ಕೆ ಬರುತ್ತೇನೆ. ನೀರು ಮನೆಯ ಮೆಟ್ಟಿಲು ಮುಟ್ಟುವ ಹೊತ್ತಿಗೆ ಕುದುರೆ ಸವಾರನೊಬ್ಬ ಬಂದು ಹುಡುಗಿಗೆ ಗುಟ್ಟು ಹೇಳುತ್ತಾನೆ. ಅವಳು ಅಂಬಿಗನ ಮಗಳೇ ಅಲ್ಲವಂತೆ. ಹಳೇ ರಾಜವಂಶದ ಕೊನೆಯ ಕುಡಿಯಂತೆ. ಹೊಳೆ ಮಾತಾಡುವುದು ಆ ರಕ್ತದವರ ಜೊತೆ ಮಾತ್ರವಂತೆ. ಸರಿ, ರಾಜಧಾನಿಗೆ ಹೋಗುತ್ತಾಳೆ. ಅಲ್ಲಿ ಮಂತ್ರವಿದ್ಯೆಯ ಶಾಲೆ, ಹೊಟ್ಟೆಕಿಚ್ಚಿನ ಸಹಪಾಠಿ, ಬಾಯಿ ಬಿಡದ ಒಬ್ಬ ಹುಡುಗ, ಬಾಯಿ ಮುಚ್ಚದ ಇನ್ನೊಬ್ಬ ಹುಡುಗ, ರಾತ್ರಿ ಹೊತ್ತು ತೆರೆಯುವ ಗುಪ್ತ ಬಾಗಿಲು. ಇದೆಲ್ಲ ಈ ಬಗೆಯ ಪುಸ್ತಕಗಳಲ್ಲಿ ಇರುವಂಥದ್ದೇ. ಅದಕ್ಕೆ ನನ್ನ ತಕರಾರಿಲ್ಲ. ಹಳೇ ದಾರಿಯಲ್ಲಿ ಹೊಸದಾಗಿ ನಡೆಯುವವರು ಬೇಕಾದಷ್ಟು ಜನ ಇದ್ದಾರೆ.

ತಕರಾರು ಆ ರಕ್ತದ ಮಾತಿಗೆ. ಹುಡುಗಿ ದಿನಾ ಕೈ ಇಟ್ಟು ಗೀರು ಎಣಿಸಿದ್ದಕ್ಕೆ, ಉಸಿರು ಕಟ್ಟಿ ಮುಳುಗಿದ್ದಕ್ಕೆ ಹೊಳೆ ಬಾಯಿ ಬಿಟ್ಟಿತು ಅಂತ ನಾನು ನಂಬಿಕೊಂಡು ಬಂದಿದ್ದೆ. ಅದು ಅವಳು ಗಳಿಸಿದ್ದು. ಕಥೆ ಈಗ ಅದನ್ನು ಅವಳ ಕೈಯಿಂದ ತೆಗೆದು ಎಂದೋ ಸತ್ತ ರಾಜನ ಕೈಗೆ ಕೊಟ್ಟಿತು. ಅಂಬಿಗರ ಮಗಳಿಗೆ ಹೊಳೆಯ ಗುರುತು ಇರಲು ಸಾಧ್ಯವಿಲ್ಲವಾ? ಆ ಮನೆಯವರು ತಲೆತಲಾಂತರದಿಂದ ಆ ನೀರಿನ ಮೇಲೇ ಬದುಕಿದವರು! ಇದೇ ಜಿಲ್ಲೆಯಲ್ಲಿ ಆಳಿದ ಕೆಳದಿ ಚೆನ್ನಮ್ಮನನ್ನು ನೆನೆಸಿಕೊಳ್ಳಿ. ವ್ಯಾಪಾರಿಯ ಮಗಳು ಅಂತ ಹೇಳುತ್ತಾರೆ. ಗಂಡ ತೀರಿಕೊಂಡ ಮೇಲೆ 1671ರಿಂದ ಕಾಲು ಶತಮಾನ ರಾಜ್ಯ ನಡೆಸಿದಳು. ಶಿವಾಜಿಯ ಮಗ ರಾಜಾರಾಮ ಓಡಿ ಬಂದಾಗ ಆಶ್ರಯ ಕೊಟ್ಟಳು, ಅದಕ್ಕಾಗಿ ಔರಂಗಜೇಬನ ಸೈನ್ಯವನ್ನು ಎದುರಿಸಬೇಕಾಯಿತು. ಮೂರು ಶತಮಾನ ಕಳೆದರೂ ಅವಳ ಹೆಸರು ಉಳಿದಿರುವುದು ಯಾರ ಹೊಟ್ಟೆಯಲ್ಲಿ ಹುಟ್ಟಿದಳು ಎಂಬುದಕ್ಕಲ್ಲ.

ಶಾಲೆಗೆ ಹೋದ ಮೇಲೆ ಕಿವಿ ಕೇಳದಾಗುವ ನಿಯಮವೂ ಹೋಯಿತು. ಯಾಕೆ ಹೋಯಿತು ಅಂತ ಒಂದು ಸಾಲೂ ಇಲ್ಲ. ಅವಳು ನೀರನ್ನು ಕರೆಯುತ್ತಾಳೆ, ನೀರು ಬರುತ್ತದೆ. ಬೆಂಕಿ ಆರಿಸಬೇಕಾದಾಗ ಬರುತ್ತದೆ, ಕಾವಲುಗಾರರನ್ನು ಕೆಡವಬೇಕಾದಾಗ ಬರುತ್ತದೆ. ಎದುರಾಳಿ ಎಷ್ಟು ಬಲಶಾಲಿಯೋ ಇವಳ ಶಕ್ತಿ ಅದಕ್ಕಿಂತ ಒಂದು ಕೈ ಮೇಲೆ. ಹಾಗಾಗಿ ಮುಂದಿನ ಯಾವ ಕಾಳಗದಲ್ಲೂ ನನಗೆ ಹೆದರಿಕೆಯಾಗಲಿಲ್ಲ. ಏನೂ ಕಳೆದುಕೊಳ್ಳದೆ ಗೆಲ್ಲುವವಳ ಬಗ್ಗೆ ಓದುಗರು ಯಾಕೆ ಹೆದರಬೇಕು?

ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ಅವರಿಗೆ ಒಬ್ಬ ಪ್ರಕಾಶಕರು, ಸ್ವಲ್ಪ ದೊಡ್ಡ ಮಕ್ಕಳಿಗೆ ಏನಾದರೂ ಬರೆಯಿರಿ ಅಂತ ಕೇಳಿದ್ದರು. ಹಾಗೆ ಹುಟ್ಟಿದ್ದು 1968ರಲ್ಲಿ ಬಂದ 'ಎ ವಿಝರ್ಡ್ ಆಫ್ ಅರ್ಥ್‌ಸೀ'. ಅಲ್ಲೂ ಮಂತ್ರವಿದ್ಯೆಯ ಶಾಲೆ ಇದೆ, ಪ್ರತಿಭಾವಂತ ಹುಡುಗನಿದ್ದಾನೆ. ಅವನು ಜಂಬಕ್ಕೆ ಬಿದ್ದು ಸತ್ತವರ ಲೋಕದಿಂದ ಒಂದು ಜೀವವನ್ನು ಕರೆಯುತ್ತಾನೆ. ಅದರ ಜೊತೆ ಒಂದು ನೆರಳೂ ಹೊರಗೆ ಬಂದುಬಿಡುತ್ತದೆ. ಆ ಬಿರುಕು ಮುಚ್ಚಲು ಹೋಗಿ ಶಾಲೆಯ ಹಿರಿಯ ಗುರು ಪ್ರಾಣ ಬಿಡುತ್ತಾನೆ. ಹುಡುಗನ ಮುಖದ ಮೇಲೆ ಗಾಯದ ಗುರುತು ಕೊನೆಯವರೆಗೂ ಉಳಿಯುತ್ತದೆ. ಆ ಲೋಕದಲ್ಲಿ ಒಂದು ದ್ವೀಪಕ್ಕೆ ಮಳೆ ತರಿಸಿದರೆ ಇನ್ನೊಂದು ದ್ವೀಪದಲ್ಲಿ ಬರ ಬೀಳಬಹುದು. ಆದ್ದರಿಂದ ಬಲ್ಲ ಮಾಂತ್ರಿಕರು ಸುಮ್ಮಸುಮ್ಮನೆ ಮಳೆಗೆ ಕೈ ಹಾಕುವುದಿಲ್ಲ. ಚಿಕ್ಕ ಪುಸ್ತಕ ಅದು. ಆದರೂ ಆ ಲೋಕ ಕಾಲಿಟ್ಟಲ್ಲಿ ಕುಸಿಯುವುದಿಲ್ಲ.

ಅದಕ್ಕೂ ಮೊದಲು, 1939ರಲ್ಲಿ, ಮುಂದೆ 'ದ ಲಾರ್ಡ್ ಆಫ್ ದ ರಿಂಗ್ಸ್' ಬರೆದ ಟೋಲ್ಕಿನ್ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದಲ್ಲಿ ಕಿನ್ನರ ಕಥೆಗಳ ಬಗ್ಗೆ ಒಂದು ಉಪನ್ಯಾಸ ಕೊಟ್ಟರು. ಆಮೇಲೆ ಅದು ಪ್ರಬಂಧವಾಗಿ ಅಚ್ಚಾಯಿತು. ಹಸಿರು ಸೂರ್ಯ ಅಂತ ಯಾರು ಬೇಕಾದರೂ ಹೇಳಿಬಿಡಬಹುದು, ಆದರೆ ಹಸಿರು ಸೂರ್ಯನನ್ನು ನಂಬುವಂಥ ಲೋಕ ಕಟ್ಟಲು ದುಡಿಮೆ ಬೇಕು, ಯೋಚನೆ ಬೇಕು ಎಂಬ ಅರ್ಥದ ಮಾತು ಅದರಲ್ಲಿದೆ. ನನ್ನ ಕೈಯಲ್ಲಿದ್ದ ಕಾದಂಬರಿ ಮೊದಲ ಅಧ್ಯಾಯಗಳಲ್ಲಿ ಆ ದುಡಿಮೆ ಮಾಡಿತ್ತು. ಆಮೇಲೆ ಕೈ ಬಿಟ್ಟಿತು.

ಕೊನೆಯ ದೃಶ್ಯ ನೋಡಿ. ನೀರು ಹಿಂದೆ ಸರಿಯಿತು. ಎಲ್ಲಿಗೆ?

ಮಲೆನಾಡಿನವರಿಗೆ ಇದು ಮೊದಲು ಏಳುವ ಪ್ರಶ್ನೆ. ಮಳೆಗಾಲ ಬಂತು ಅಂದರೆ ನಾವು ಪೇಪರಿನಲ್ಲಿ ಮೊದಲು ನೋಡುವುದೇ ಜಲಾಶಯಗಳ ಮಟ್ಟ. ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ. ತುಂಬಿದರೆ 151 ಟಿಎಂಸಿ ನೀರು. ಮಟ್ಟ ಹತ್ತಿರ ಬರುತ್ತಿದ್ದ ಹಾಗೆ ಕೆಳಗೆ ಹೊನ್ನಾವರದ ಕಡೆ ಹೊಳೆ ದಂಡೆಯವರಿಗೆ ಎಚ್ಚರಿಕೆ ಹೋಗುತ್ತದೆ. ಗೇಟ್ ಎತ್ತುವುದನ್ನು ನೋಡಲು ನಾವಿಲ್ಲಿ ಕಾರು ಮಾಡಿಕೊಂಡು ಹೋಗುತ್ತೇವೆ. ಅದೇ ನೀರಿಗೆ ಅಲ್ಲಿ ಜನ ದನಕರು ಬಿಚ್ಚಿ, ಸಾಮಾನು ಅಟ್ಟಕ್ಕೇರಿಸಿ ಕಾಯುತ್ತಾರೆ. ಒಂದು ಕಡೆ ಇಳಿದ ನೀರು ಇನ್ನೊಂದು ಕಡೆ ಏರಲೇಬೇಕು.

ಕಾದಂಬರಿಯ ಮೊದಲ ಪುಟದಲ್ಲಿ ಒಂದು ನಕ್ಷೆ ಇದೆ. ಕಟ್ಟೆಯ ಕೆಳಗೆ, ಹೊಳೆ ಸಮುದ್ರ ಸೇರುವಲ್ಲಿ, ಮೀನುಗಾರರ ಒಂದು ಊರು. ಎರಡನೇ ಅಧ್ಯಾಯದಲ್ಲಿ ಹುಡುಗಿ ಅಪ್ಪನ ಜೊತೆ ಅಲ್ಲಿಗೆ ಹೋಗುತ್ತಾಳೆ. ಒಬ್ಬ ಮುದುಕಿ ಅವಳಿಗೆ ಸುಟ್ಟ ಮೀನು ಕೊಟ್ಟು, ಬಲೆ ಹೆಣೆಯುವುದು ಹೇಗೆ ಅಂತ ತೋರಿಸುತ್ತಾಳೆ. ಕೊನೆಯಲ್ಲಿ ಸರಿದ ನೀರೆಲ್ಲ ಆ ಮುದುಕಿಯ ಮನೆಯ ಮೇಲೇ ಹೋಗಬೇಕು. ಬೇರೆ ದಾರಿಯೇ ಇಲ್ಲ, ನಕ್ಷೆಯಲ್ಲಿ ಅವರೇ ಬರೆದಿದ್ದಾರೆ. ಕಥೆಗೆ ಇದು ಕಾಣಲಿಲ್ಲ. ಕಂಡಿದ್ದರೆ ಎಂಥ ಕೊನೆಯಾಗುತ್ತಿತ್ತು! ನನ್ನ ಊರು ಮೇಲೆ ಬರಬೇಕಾದರೆ ಆ ಮುದುಕಿಯ ಊರು ಮುಳುಗಬೇಕು, ಏನು ಮಾಡಲಿ ಅಂತ ಹುಡುಗಿ ಕಟ್ಟೆಯ ಮೇಲೆ ನಿಂತು ಯೋಚಿಸಬೇಕಾಗಿತ್ತು. ಅಣೆಕಟ್ಟು ಕಟ್ಟಿಸಿದ ರಾಜನೂ ಯಾವತ್ತೋ ಇದೇ ಥರ ಒಂದು ಲೆಕ್ಕ ಹಾಕಿದ್ದ ಅಂತ ಅವಳಿಗೆ ಹೊಳೆಯಬೇಕಾಗಿತ್ತು. ನಮಗೆಲ್ಲ ಕರೆಂಟು ಬಂದದ್ದು ಅಂಥದ್ದೇ ಒಂದು ಲೆಕ್ಕದಿಂದ. ಆ ಬೆಳಕಿನಲ್ಲೇ ಕೂತು ನಾನು ಈ ಪುಸ್ತಕ ಓದಿದ್ದೇನೆ. ಇದನ್ನು ಹದಿನಾರು ವರ್ಷದವರಿಗೆ ಹೇಳಬಾರದು ಅಂತ ಯಾರು ಹೇಳಿದರು?

ಪುಸ್ತಕ ನನ್ನ ಕೈಗೆ ಬಂದದ್ದು ಅಕ್ಕನ ಮಗಳಿಂದ. ಸಾಗರದ ಕಡೆಯ ಹಳ್ಳಿಯವಳು, ಪಿಯುಸಿಗೆ ಶಿವಮೊಗ್ಗದ ಹಾಸ್ಟೆಲ್ ಸೇರಿದ್ದಾಳೆ. ರಜೆ ಸಿಕ್ಕರೆ ನಮ್ಮ ಮನೆಗೆ ಬರುತ್ತಾಳೆ. ಅವಳಿಗೆ ಈ ಕಾದಂಬರಿ ತುಂಬಾ ಇಷ್ಟ. ನಾನು ನನ್ನ ತಕರಾರನ್ನೆಲ್ಲ ಹೇಳಿ ಮುಗಿಸುವವರೆಗೂ ಹಲಸಿನ ಹಪ್ಪಳ ಮುರಿಯುತ್ತಾ ಕೂತಿದ್ದಳು.

"ಆ ಶಾಲೆ ಕಥೆ ನಿಂಗೆ ಬೋರ್ ಆಯ್ತು ಅಂತ ಹೇಳ್ಬೇಡ ಚಿಕ್ಕಿ," ಅಂದಳು. "ಅವಳು ಮೊದಲ್ನೇ ದಿನ ಊಟದ ಹಾಲಲ್ಲಿ ತಟ್ಟೆ ಹಿಡ್ಕಂಡು ಎಲ್ಲಿ ಕೂರೋದು ಅಂತ ನಿಂತಿರ್ತಾಳಲ್ಲ? ಆಗ ಆ ಮಾತಾಡೋ ಹುಡುಗ ಸ್ವಲ್ಪ ಸರಿದು ಜಾಗ ಮಾಡ್ತಾನೆ. ಅಷ್ಟೇ. ನಾನು ಅದನ್ನ ಎಷ್ಟು ಸಲ ಓದಿದೀನಿ ಗೊತ್ತಾ?"

ಇದಕ್ಕೆ ನಾನು ವಾದ ಹೂಡಲಿಲ್ಲ. ಹೂಡುವಂಥದ್ದಲ್ಲ. ಆ ಸಾಲನ್ನು ನಾನು ಸರಕ್ಕನೆ ದಾಟಿ ಹೋಗಿದ್ದೆ. ಅವಳು ಅಲ್ಲಿ ನಿಂತಳು, ಯಾಕೆಂದರೆ ಅವಳೂ ಹಾಗೆ ತಟ್ಟೆ ಹಿಡಿದು ನಿಂತವಳು. ಊರು ಬಿಟ್ಟು ಬಂದವರಿಗೆ ಯಾರೋ ಒಬ್ಬರು ಸರಿದು ಜಾಗ ಕೊಡುವ ಕಥೆ ಬೇಕು. ಅಮೆರಿಕದ ಗ್ರಂಥಾಲಯ ಸಂಘ 1957ರಲ್ಲೇ ಈ ವಯಸ್ಸಿನ ಓದುಗರಿಗಾಗಿ ಬೇರೆ ವಿಭಾಗ ಮಾಡಿತ್ತು. ದೊಡ್ಡವರದ್ದೂ ಅಲ್ಲದ, ಚಿಕ್ಕವರದ್ದೂ ಅಲ್ಲದ ಒಂದು ಕಷ್ಟ ಈ ವಯಸ್ಸಿಗೆ ಇದೆ ಅಂತ ಅವರಿಗೆ ಗೊತ್ತಿತ್ತು. ಆ ಕಷ್ಟವನ್ನು ಈ ಲೇಖಕರೂ ಬಲ್ಲರು. ಅದನ್ನು ಒಪ್ಪುತ್ತೇನೆ.

"ಕೊನೆ ಹೇಗನ್ನಿಸ್ತೇ?" ಅಂತ ಕೇಳಿದೆ.

"ಅಳು ಬಂತು. ಊರು ವಾಪಸ್ ಬಂತಲ್ಲ ಅಂತ." ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಆದ್ರೆ ಚಿಕ್ಕಿ, ಕೆಸರೇ ಇರ್ಲಿಲ್ಲ ಅಲ್ವಾ?"

ಕೆಸರಿನ ಮಾತು ಅವಳಿಗೆ ಬಂದದ್ದು ಎಲ್ಲಿಂದ ಅಂತ ನನಗೆ ಗೊತ್ತಿತ್ತು. ಮಳೆ ತಡವಾದ ಒಂದು ವರ್ಷ ಬೇಸಿಗೆಯ ಕೊನೆಗೆ ಹಿನ್ನೀರು ತುಂಬಾ ಇಳಿದಿತ್ತು. ಹಿರೇಭಾಸ್ಕರ ಅಣೆಕಟ್ಟು ಕಾಣುತ್ತಿದೆ ಅಂತ ಎಲ್ಲರೂ ಹೋಗುತ್ತಿದ್ದರು. ಲಿಂಗನಮಕ್ಕಿಗೂ ಮೊದಲು ಶರಾವತಿಗೆ ಕಟ್ಟಿದ ಅಣೆಕಟ್ಟು ಅದು. ಮಡೆನೂರು ಅಣೆಕಟ್ಟು ಅಂತಲೂ ಕರೆಯುತ್ತಾರೆ. 1948ರಲ್ಲಿ ಮುಗಿದು, 1964ರಲ್ಲಿ ತಾನೇ ಮುಳುಗಿತು. ನೀರು ತಾನಾಗಿ ಹೊರಗೆ ಹೋಗುವ ಸೈಫನ್‌ಗಳು ಅದರಲ್ಲಿವೆ. ಇಷ್ಟು ವರ್ಷ ನೀರೊಳಗಿದ್ದರೂ ಗಟ್ಟಿಯಾಗಿ ನಿಂತಿದೆ. ನಾವೂ ಹೋದೆವು. ಅಣೆಕಟ್ಟಿಗಿಂತ ಜಾಸ್ತಿ ಅವಳು ನೋಡಿದ್ದು ನೆಲವನ್ನು. ಹೂಳು ಒಣಗಿ ಅಂಗೈ ಅಗಲದ ಬಿಲ್ಲೆಗಳಾಗಿ ಬಿರುಕು ಬಿಟ್ಟಿತ್ತು. ಮೇಲೆ ಗಟ್ಟಿ ಅಂತ ಕಾಲಿಟ್ಟರೆ ಒಳಗೆ ಮೆತ್ತಗೆ, ಪಾದ ಇಳಿಯುತ್ತದೆ. ಕಪ್ಪಾದ ಮರದ ಬೊಡ್ಡೆಗಳು ಕಣ್ಣು ಹಾಯುವವರೆಗೆ ಸಾಲು ಸಾಲು. ಎಲೆಯಿಲ್ಲ, ತೊಗಟೆಯಿಲ್ಲ, ಬೇರು ಮಾತ್ರ ಇನ್ನೂ ನೆಲ ಬಿಟ್ಟಿಲ್ಲ. ಅವಳು ಬಗ್ಗಿ ಒಂದು ಹಂಚಿನ ಚೂರು ಎತ್ತಿಕೊಂಡಳು. ಯಾರ ಮನೆಯದ್ದೋ. ಪಾಚಿ ಒಣಗಿ ಬೂದಿಯ ಹಾಗೆ ಕೈಗೆ ಅಂಟಿತು. ಅದನ್ನು ಬ್ಯಾಗಿಗೆ ಹಾಕಿಕೊಳ್ಳಲು ಹೋದಳು. ಅಲ್ಲೇ ದನ ಮೇಯಿಸುತ್ತಿದ್ದ ಹೆಂಗಸೊಬ್ಬರು, "ಬ್ಯಾಡ ಮಗಾ, ಅಲ್ಲೇ ಇಡು" ಅಂದರು. ಯಾಕೆ ಅಂತ ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ. ಎತ್ತಿದ ಕಡೆಯೇ ಇಟ್ಟಳು.

ನೀರು ಇಳಿದರೆ ಬರುವುದು ಇದು. ಹಳೇ ಊರು ಹಾಗೇ ಎದ್ದು ಬರುವುದಿಲ್ಲ. ಕಾದಂಬರಿಯ ಹುಡುಗಿ ಆ ಹೂಳಿನಲ್ಲಿ ಕಾಲಿಟ್ಟು, ಗೋಡೆಯಿಲ್ಲದ ತನ್ನ ಮನೆಯ ಪಾಯ ಹುಡುಕಿ, ಗೀರು ಹಾಕಿದ ಕಂಬವನ್ನು ತಡವಿ ನೋಡಿದ್ದರೆ ಸಾಕಿತ್ತು. ಅಷ್ಟು ಮಂತ್ರ ಗೊತ್ತಿದ್ದೂ ಇಷ್ಟೇ ಸಾಧ್ಯವಾಯಿತಲ್ಲ ಅಂತ ಅವಳು ಅಲ್ಲಿ ನಿಂತಿದ್ದರೆ, ನನ್ನ ಅಕ್ಕನ ಮಗಳ ಅಳು ಬೇರೆ ಥರದ್ದಾಗುತ್ತಿತ್ತು. ಆ ಅಳುವನ್ನು ತಡೆದುಕೊಳ್ಳುವ ಶಕ್ತಿ ಅವಳಿಗಿದೆ. ಕೆಸರು ಎಲ್ಲಿ ಅಂತ ಕೇಳುವವಳಿಗೆ ಒಣಗಿದ ಗೋಡೆ ಕೊಟ್ಟು ಸಮಾಧಾನ ಮಾಡುವುದು ಸರಿಯಲ್ಲ.

ಇನ್ನೊಂದು ವಿಷಯ ಹೇಳದೆ ಬಿಡಲಾರೆ. ಹುಡುಗಿಯ ಜೊತೆ ಒಂದು ನೀರುನಾಯಿ ಇರುತ್ತದೆ. ತುಂಗೆ, ಭದ್ರೆಯ ಬಂಡೆಗಳ ಮೇಲೆ ನೀರುನಾಯಿಗಳು ಆಡುವುದನ್ನು ಕಂಡವರಿಗೆ ಅದು ಕೂಡಲೇ ಇಷ್ಟವಾಗುತ್ತದೆ. ಕಾಳಗದಲ್ಲಿ ಅದು ಬಾಣಕ್ಕೆ ಅಡ್ಡ ಬಂದು ಸಾಯುತ್ತದೆ. ಹುಡುಗಿ ಒಂದು ಪ್ಯಾರಾ ಅಳುತ್ತಾಳೆ. ಮುಂದಿನ ಪುಟದಲ್ಲಿ ಆ ಮೌನಿ ಹುಡುಗ ಅವಳ ಕೈ ಹಿಡಿಯುತ್ತಾನೆ. ಆಮೇಲೆ ನೀರುನಾಯಿಯ ಹೆಸರು ಒಂದು ಸಲವೂ ಬರುವುದಿಲ್ಲ. 

'ಮಲೆಗಳಲ್ಲಿ ಮದುಮಗಳು' ಓದಿದವರಿಗೆ ಗುತ್ತಿಯ ನಾಯಿ ಹುಲಿಯನ ನೆನಪಿರಲೇಬೇಕು. ತುಂಬಿ ಹರಿಯುವ ತುಂಗೆಯಲ್ಲಿ ಅದು ಕೊಚ್ಚಿಹೋಗುವುದನ್ನು ಓದಿ ಎಷ್ಟು ಜನ ಪುಸ್ತಕ ಕೆಳಗಿಟ್ಟು ಕೂತಿಲ್ಲ? ಆ ಕಾದಂಬರಿ ಬಂದದ್ದು 1967ರಲ್ಲಿ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಕುವೆಂಪು ಪುಸ್ತಕದ ಬಾಗಿಲಲ್ಲೇ ಹೇಳಿದ್ದರು. ಹೇಳಿದ್ದನ್ನು ಒಂದು ನಾಯಿಯ ವಿಷಯದಲ್ಲೂ ನಡೆಸಿಕೊಟ್ಟರು. ನಾಯಕಿಗಾಗಿ ಎಲ್ಲರೂ ಸಾಯಲು ಸಿದ್ಧವಾಗಿರುವ ಕಥೆಗಳಲ್ಲಿ ನನಗೆ ಉಸಿರು ಕಟ್ಟುತ್ತದೆ. ಊರು ಅವಳ ಸಿಟ್ಟಿಗೊಂದು ಕಾರಣ, ನೀರುನಾಯಿ ಅವಳ ದುಃಖಕ್ಕೊಂದು ಕಾರಣ, ಅಪ್ಪ ಅವಳ ಗುಟ್ಟಿಗೊಂದು ಕಾರಣ. ಅವರದ್ದೇ ಬದುಕು ಅಂತ ಯಾರಿಗೂ ಇಲ್ಲ.

ಮುಳುಗಡೆಯ ಬಗ್ಗೆ ಚಿಕ್ಕವರಿಗೆ ಬರೆಯುವುದು ಆಗದ ಕೆಲಸವೇನಲ್ಲ. ಸಾಗರದ ನಾ. ಡಿಸೋಜ ಮಾಡಿ ತೋರಿಸಿದ್ದಾರೆ. ಶರಾವತಿ ಯೋಜನೆಯಲ್ಲಿ ನೌಕರಿ ಮಾಡಿ, ಊರು ಖಾಲಿಯಾಗುವುದನ್ನು ಹತ್ತಿರದಿಂದ ಕಂಡವರು. ದೊಡ್ಡವರಿಗೆ 'ಮುಳುಗಡೆ', 'ದ್ವೀಪ' ಬರೆದರು. ಮಕ್ಕಳಿಗೆ 'ಮುಳುಗಡೆಯ ಊರಿಗೆ ಬಂದವರು' ಬರೆದರು. ಅದಕ್ಕೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. 2025ರ ಜನವರಿಯಲ್ಲಿ ಅವರು ತೀರಿಕೊಂಡಾಗ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ, ನಮ್ಮ ಕಥೆ ಬರೆದವರು ಹೋದರು ಅಂತ ಬೇಜಾರು ಮಾಡಿಕೊಂಡರು. ಅವರ ಪುಸ್ತಕಗಳಲ್ಲಿ ಮಂತ್ರವಿಲ್ಲ. ಮಂತ್ರ ಇರುವ ಮುಳುಗಡೆಯ ಕಥೆ ಕನ್ನಡದಲ್ಲಿ ಬರೆಯುವವರಿಗೆ ಸಾಮಗ್ರಿಗೇನೂ ಕೊರತೆಯಿಲ್ಲ. ಕಂಬಳಿಯಲ್ಲಿ ಸುತ್ತಿ ತಂದ ಒಬ್ಬ ಚೌಡಿ ಇದ್ದಾಳೆ, ಹೊಸ ಊರಿನಲ್ಲಿ ಅವಳಿಗೆ ಎದುರಾಗುವ ಇನ್ನೊಬ್ಬ ಚೌಡಿ ಇದ್ದಾಳೆ. ಅವರಿಬ್ಬರು ಮೊದಲ ರಾತ್ರಿ ಏನು ಮಾತಾಡಿಕೊಂಡಿರಬಹುದು ಅಂತ ನಾನು ಚಿಕ್ಕಂದಿನಿಂದ ಯೋಚಿಸುತ್ತಲೇ ಇದ್ದೇನೆ. ಯಾರಾದರೂ ಹದಿನಾರು ವರ್ಷದವರೇ ಬರೆದರೆ ಇನ್ನೂ ಸಂತೋಷ.

ಎರಡನೇ ಭಾಗ ಬರುತ್ತದಂತೆ. ಅಕ್ಕನ ಮಗಳು ಆಗಲೇ ದಿನ ಎಣಿಸುತ್ತಿದ್ದಾಳೆ. ನಾನೂ ಓದುತ್ತೇನೆ, ಅಂಬಿಗನಿಗಾಗಿ. ಮಗಳು ಕುದುರೆ ಏರಿ ಹೋದ ಮೇಲೆ ಅವನು ಕಥೆಯಿಂದಲೇ ಹೋಗಿಬಿಟ್ಟ. ಊರವರೆಲ್ಲ ಮನೆಗೆ ಮರಳುವ ಆ ಕೊನೆಯ ಪುಟದಲ್ಲೂ ಅವನಿಲ್ಲ. ಮಗಳು ಹುಡುಕಲೂ ಇಲ್ಲ. ನೀರು ಏರಿದ ಮೇಲೂ ದಾಟಿಸುವವರು ಬೇಕಾಗುತ್ತಾರೆ. ಶರಾವತಿ ಹಿನ್ನೀರಿನ ಎರಡು ದಡಗಳಲ್ಲಿರುವ ಅಂಬಾರಗೋಡ್ಲು, ಕಳಸವಳ್ಳಿ ನಡುವೆ ದಶಕಗಟ್ಟಲೆ ಲಾಂಚ್ ಓಡಿತು. ಬಸುರಿಯರು, ಬಾಣಂತಿಯರು, ಮದುವೆ ದಿಬ್ಬಣ, ಸಿಗಂದೂರಿಗೆ ಹೋಗುವ ಭಕ್ತರು, ಎಲ್ಲರೂ ಅದನ್ನೇ ಕಾಯಬೇಕಿತ್ತು. ಸೇತುವೆ ಬಂದದ್ದು 2025ರ ಜುಲೈನಲ್ಲಿ. ಹಾಗಾಗಿ ಆ ಅಂಬಿಗ ಸುಮ್ಮನೆ ಕೂತಿರಲಾರ. ಎಲ್ಲೋ ದೋಣಿ ನಡೆಸುತ್ತಲೇ ಇರಬೇಕು. ಪುಸ್ತಕ ಕೈಗೆ ಬಂದ ಕೂಡಲೇ ನಾನು ಹುಡುಕುವುದು ಅವನನ್ನೇ. ಸಿಕ್ಕರೆ ಲೇಖಕರಿಗೆ ಒಂದು ಕಾಗದ ಬರೆಯುತ್ತೇನೆ.